ಇಂಗ್ಲಿಷ್ ನುಡಿಗಟ್ಟಿನ ಅರ್ಥ ಹಿಡಿಯುವುದು ಹೇಗೆ?

ಆಗಿನ್ನೂ ಕೆಲಸಕ್ಕೆ ಸೇರಿದ ಹೊಸತು. ಫೋನಿನಲ್ಲಿ ಮೀಟಿಂಗ್ ನಡೆಯುತ್ತಿತ್ತು. ಎರಡು ಗಂಟೆ ಮಾತಾಡಿ ಎಲ್ಲರಿಗೂ ಸುಸ್ತಾಗಿತ್ತು. ಆ ಕಡೆಯಿಂದ ಮ್ಯಾನೇಜರ್ "ಲೆಟ್ಸ್ ಕಾಲ್ ಇಟ್ ಎ ಡೇ" ಅಂದರು. ನಾನು ಡೈರಿ ಬಿಚ್ಚಿ, ಪೆನ್ನು ಹಿಡಿದು, "ವಿಚ್ ಡೇ, ಸರ್?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ತುಟಿ ಪಿಟಕ್ ಅನ್ನಲಿಲ್ಲ. ಆಮೇಲೆ ಎಲ್ಲ ಕಡೆಯಿಂದ ನಗು. ಅವರು ಹೇಳಿದ್ದು "ಇವತ್ತಿಗೆ ಸಾಕು, ಮುಗಿಸೋಣ" ಅಂತ.

ಕಾಲ್, ಇಟ್, ಡೇ. ಮೂರು ಪದವೂ ಮಕ್ಕಳಿಗೂ ಗೊತ್ತು. ಬಿಡಿಬಿಡಿಯಾಗಿ ಎಲ್ಲ ಗೊತ್ತು, ಒಟ್ಟಿಗೆ ಬಂದಾಗ ಏನೂ ಗೊತ್ತಿಲ್ಲ. ನುಡಿಗಟ್ಟಿನ ತಂಟೆಯೇ ಇದು.

ಹೈಸ್ಕೂಲಿನಲ್ಲಿ ನಾವು ಇವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದ್ದೆವು. ಎಡಗಡೆ ನುಡಿಗಟ್ಟು, ಬಲಗಡೆ ಅರ್ಥ. ಪರೀಕ್ಷೆಯಲ್ಲಿ ಅಂಕ ಬಂತು, ಅಷ್ಟೇ. ಇಂಗ್ಲಿಷಿನಲ್ಲಿ ಇಂಥವು ಸಾವಿರಗಟ್ಟಲೆ ಇವೆ. ಎಷ್ಟಂತ ಉರು ಹೊಡೆಯುತ್ತೀರಿ? ಹೊಸದೊಂದು ಎದುರಾದಾಗ ಅರ್ಥವನ್ನು ನಾವೇ ಹುಡುಕಿಕೊಳ್ಳುವ ದಾರಿ ಗೊತ್ತಿದ್ದರೆ ಪಟ್ಟಿಯ ಹಂಗಿಲ್ಲ. ಆ ದಾರಿಯಲ್ಲಿ ನಾವು ಕನ್ನಡದಲ್ಲಿ ದಿನವೂ ಓಡಾಡುತ್ತಿದ್ದೇವೆ. "ಕಿವಿ ಮೇಲೆ ಹೂವು ಇಡಬೇಡ" ಅಂದರೆ ಯಾರೂ ಕಿವಿ ಮುಟ್ಟಿ ನೋಡಿಕೊಳ್ಳುವುದಿಲ್ಲ, ಅಲ್ವಾ?

ಅಭ್ಯಾಸಕ್ಕೆ ಒಂದು ಆಫೀಸ್ ಮೇಲ್ ಇಟ್ಟುಕೊಳ್ಳೋಣ. ನಾನೇ ಕಟ್ಟಿದ್ದು, ಆದರೆ ಬೆಂಗಳೂರಿನ ಯಾವ ಐಟಿ ಆಫೀಸಿನಲ್ಲಾದರೂ ಇವತ್ತು ಬೆಳಿಗ್ಗೆ ಬಂದಿರಬಹುದಾದದ್ದು:

"ವಿ ಆರ್ ಆನ್ ದ ಬ್ಯಾಕ್ ಫುಟ್ ವಿತ್ ದಿಸ್ ಕ್ಲೈಂಟ್. ಲೆಟ್ಸ್ ನಾಟ್ ಬೀಟ್ ಅರೌಂಡ್ ದ ಬುಷ್. ವಿ ಕಟ್ ಕಾರ್ನರ್ಸ್ ಇನ್ ಟೆಸ್ಟಿಂಗ್. ನೋ ಪಾಸಿಂಗ್ ದ ಬಕ್, ಪ್ಲೀಸ್. ಗಿವ್ ಮಿ ಎ ಬಾಲ್‌ಪಾರ್ಕ್ ಫಿಗರ್ ಬೈ ಫೋರ್. ದ ರೆಸ್ಟ್, ವಿ ವಿಲ್ ಪ್ಲೇ ಇಟ್ ಬೈ ಇಯರ್."

ಆರು ವಾಕ್ಯ, ಆರು ನುಡಿಗಟ್ಟು. ಸ್ವಲ್ಪ ಜಾಸ್ತಿಯೇ ಆಯಿತು, ಆದರೆ ಇಂಥ ಮೇಲ್ ಬರೆಯುವವರು ಇದ್ದಾರೆ.

ಹಂತ 1: ಎಡವಿದ ಜಾಗಕ್ಕೆ ಗೆರೆ ಹಾಕಿ

ಓದುತ್ತಾ ಹೋಗಿ. ಪದ ಎಲ್ಲ ಗೊತ್ತಿದ್ದೂ ಅರ್ಥ ಕೂಡಿಬರದ ಕಡೆ ನಿಲ್ಲಿ. ಟೆಸ್ಟಿಂಗಿನ ಮಾತಿನ ನಡುವೆ ಪೊದೆ ಯಾಕೆ ಬಂತು? ಲೆಕ್ಕ ಕೇಳುವಾಗ ಕಿವಿ ಯಾಕೆ? ಅಲ್ಲಿ ಗೆರೆ ಹಾಕಿ.

ಅನುಮಾನ ಇದ್ದರೆ ಒಂದು ಪದ ಬದಲಿಸಿ ನೋಡಿ. ಕನ್ನಡದಲ್ಲಿ "ಅವನು ನನಗೆ ಟೋಪಿ ಹಾಕಿದ" ಅಂದರೆ ಮೋಸ ಮಾಡಿದ. "ಅವನು ನನಗೆ ಪೇಟ ಹಾಕಿದ" ಅಂದರೆ ಸನ್ಮಾನ ಮಾಡಿದ! ಪದ ಬದಲಾಯಿತು, ನುಡಿಗಟ್ಟು ಸತ್ತಿತು. ಇಂಗ್ಲಿಷಿನಲ್ಲೂ ಹಾಗೇ. "ಕಿಕ್ ದ ಬಕೆಟ್" ಅಂದರೆ ಸಾಯುವುದು. ಬಕೆಟ್ ತೆಗೆದು ಅದೇ ಅರ್ಥದ ಪೇಲ್ ಹಾಕಿದರೆ ಉಳಿಯುವುದು ಒದೆ ತಿಂದ ಕೊಳದಪ್ಪಲೆ ಮಾತ್ರ. "ದ ಬಕೆಟ್ ವಾಸ್ ಕಿಕ್ಡ್" ಅಂತ ತಿರುಗಿಸಿದರೂ ಸಾವಿನ ಅರ್ಥ ಹೋಗುತ್ತದೆ. ಆದರೆ ಎಲ್ಲವೂ ಇಷ್ಟು ಗಟ್ಟಿಯಲ್ಲ. "ಸ್ಪಿಲ್ ದ ಬೀನ್ಸ್" ಅಂದರೆ ಗುಟ್ಟು ಬಿಟ್ಟುಕೊಡುವುದು. "ದ ಬೀನ್ಸ್ ವರ್ ಸ್ಪಿಲ್ಡ್" ಅಂದರೂ ಗುಟ್ಟು ರಟ್ಟಾಗಿಯೇ ಇರುತ್ತದೆ.

ಇನ್ನೊಂದು ಸುಳಿವು ವ್ಯಾಕರಣದ್ದು. "ಬೈ ಅಂಡ್ ಲಾರ್ಜ್" ಅನ್ನುವುದನ್ನು ಯಾವ ವ್ಯಾಕರಣಕ್ಕೆ ಹಾಕಿದರೂ ಕೂರುವುದಿಲ್ಲ. ಹಾಗೆ ವಿಚಿತ್ರವಾಗಿ ಕಂಡರೆ ಅದು ಹಳೆಯ ನುಡಿಗಟ್ಟೇ ಅಂತ ಇಟ್ಟುಕೊಳ್ಳಿ.

ಹಂತ 2: ಒಳ್ಳೆಯದೋ ಕೆಟ್ಟದೋ, ಅಷ್ಟು ಮೊದಲು ತಿಳಿಯಲಿ

ನಿಘಂಟಿಗೆ ಕೈ ಹಾಕುವ ಮೊದಲು ಅಕ್ಕಪಕ್ಕದ ವಾಕ್ಯ ನೋಡಿ. ಯಾರು, ಯಾರಿಗೆ, ಯಾವ ಮನಸ್ಥಿತಿಯಲ್ಲಿ ಹೇಳುತ್ತಿದ್ದಾರೆ? ನಮ್ಮ ಮೇಲ್‌ನಲ್ಲಿ ಕ್ಲೈಂಟ್ ಜೊತೆ ಏನೋ ಸರಿಯಿಲ್ಲ. ಬರೆದವರಿಗೆ ಸಿಟ್ಟಿದೆ. ಹಾಗಾದರೆ "ಬ್ಯಾಕ್ ಫುಟ್" ಒಳ್ಳೆಯ ಜಾಗವಲ್ಲ. ಟೆಸ್ಟಿಂಗಿನಲ್ಲಿ "ಕಟ್ ಕಾರ್ನರ್ಸ್" ಮಾಡಿದ್ದು ಒಪ್ಪಿಕೊಳ್ಳಬೇಕಾದ ತಪ್ಪು. "ನೋ ಪಾಸಿಂಗ್ ದ ಬಕ್, ಪ್ಲೀಸ್" ಅನ್ನುವುದರಲ್ಲಿ ಎಚ್ಚರಿಕೆ ಇದೆ. ಇಷ್ಟು ತಿಳಿದರೆ ಅರ್ಧ ಅರ್ಥ ಸಿಕ್ಕ ಹಾಗೆ. ಮೀಟಿಂಗಿನಲ್ಲಿ ಕೂತಾಗ ನಿಘಂಟು ತೆಗೆಯಲು ಆಗುವುದಿಲ್ಲವಲ್ಲ, ಅಲ್ಲಿ ನೆರವಿಗೆ ಬರುವುದು ಇದೊಂದೇ.

ಹಂತ 3: ಚಿತ್ರ ಎಲ್ಲಿಂದ ಬಂತು ಅಂತ ಕೇಳಿ

ನನಗೆ ಜಾಸ್ತಿ ಖುಷಿ ಕೊಡುವ ಹಂತ ಇದು, ಇಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ.

ನುಡಿಗಟ್ಟಿನ ಒಳಗೆ ಒಂದು ಚಿತ್ರ ಇರುತ್ತದೆ. ಆ ಚಿತ್ರ ಹುಟ್ಟಿದ ಜಾಗ ಗೊತ್ತಾದರೆ ಅರ್ಥ ತಾನಾಗಿ ಕಾಣುತ್ತದೆ, ಮರೆತೂ ಹೋಗುವುದಿಲ್ಲ.

ಕ್ರಿಕೆಟ್ಟಿನಿಂದ ಬಂದವು ನಮಗೆ ಸಲೀಸು. "ಆನ್ ದ ಬ್ಯಾಕ್ ಫುಟ್" ಅಂದರೆ ಬ್ಯಾಟ್ಸ್‌ಮನ್ ಹಿಂಗಾಲಿಗೆ ಸರಿದು ವಿಕೆಟ್ ಉಳಿಸಿಕೊಳ್ಳಲು ಒದ್ದಾಡುತ್ತಿರುವುದು. ರಕ್ಷಣೆಗೆ ಇಳಿದ ಸ್ಥಿತಿ. ನಮ್ಮ ಜಿ.ಆರ್. ವಿಶ್ವನಾಥ್ ಹಿಂಗಾಲಿನ ಮೇಲೆ ನಿಂತೇ ಚೆಂದದ ಸ್ಕ್ವೇರ್ ಕಟ್ ಹೊಡೆದು ಬೌಲರ್‌ಗಳನ್ನು ಗೋಳು ಹೊಯ್ದುಕೊಂಡವರು, ಆದರೆ ನುಡಿಗಟ್ಟಿಗೆ ಅದು ಲೆಕ್ಕಕ್ಕಿಲ್ಲ. "ಸ್ಟಿಕಿ ವಿಕೆಟ್" ಹಳೆಯ ಕಾಲದ್ದು. ಆಗ ಪಿಚ್ ಮುಚ್ಚುತ್ತಿರಲಿಲ್ಲ. ಮಳೆ ಬಿದ್ದು, ಆಮೇಲೆ ಬಿಸಿಲಿಗೆ ಒಣಗುತ್ತಿರುವ ಪಿಚ್‌ನಲ್ಲಿ ಚೆಂಡು ಹೇಗೆ ಬರುತ್ತದೆ ಅಂತ ಯಾರಿಗೂ ಹೇಳಲಾಗುತ್ತಿರಲಿಲ್ಲ. ಹಾಗಾಗಿ ಪೇಚಿನ ಪರಿಸ್ಥಿತಿಗೆ ಆ ಹೆಸರು. ಇನ್ನು ಹ್ಯಾಟ್ರಿಕ್. 1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಎಚ್.ಎಚ್. ಸ್ಟೀಫನ್‌ಸನ್ ಅನ್ನುವ ಬೌಲರ್ ಸತತ ಮೂರು ಎಸೆತಕ್ಕೆ ಮೂರು ವಿಕೆಟ್ ಕಿತ್ತಾಗ ಜನ ಹಣ ಸೇರಿಸಿ ಟೋಪಿ ಕೊಡಿಸಿದರು. ನಮ್ಮಲ್ಲಿ ಟೋಪಿ ಹಾಕಿಸಿಕೊಂಡವನು ಪೊಲೀಸ್ ಠಾಣೆಗೆ ಹೋಗುತ್ತಾನೆ, ಅಲ್ಲಿ ಚಪ್ಪಾಳೆ ಗಿಟ್ಟಿಸುತ್ತಾನೆ!

ತೊಂದರೆ ಕೊಡುವುದು ಬೇಸ್‌ಬಾಲ್. ಅಮೆರಿಕದ ಕಂಪನಿಗಳ ಮೂಲಕ ಈ ಆಟದ ಮಾತು ನಮ್ಮ ಮೇಲ್‌ಗಳಿಗೆ ಬಂದಿದೆ, ಆದರೆ ಆಟ ನಮ್ಮಲ್ಲಿ ಬಹುತೇಕರಿಗೆ ಗೊತ್ತಿಲ್ಲ. ಬಾಲ್‌ಪಾರ್ಕ್ ಅಂದರೆ ಬೇಸ್‌ಬಾಲ್ ಮೈದಾನ. ಹೇಳುವ ಅಂಕಿ ಆ ದೊಡ್ಡ ಮೈದಾನದೊಳಗೆ ಎಲ್ಲಿ ಬಿದ್ದರೂ ಸರಿ, ಆಚೆ ಹೋಗದಿದ್ದರೆ ಸಾಕು. ಅಂದಾಜು ಲೆಕ್ಕ, ಅಷ್ಟೇ. ಪೈಸೆ ಪೈಸೆ ಕೂಡಿಸಿ ಕಳಿಸುವುದು ಬೇಡ. ಆ ಆಟದಲ್ಲಿ ಓಡುವವನು ಮೈದಾನದ ಒಳಗಿನ ಚೌಕದ ನಾಲ್ಕು ಮೂಲೆಯ ಬೇಸ್‌ಗಳನ್ನು ಮುಟ್ಟುತ್ತಾ ಹೋಗಬೇಕು. "ಲೆಟ್ಸ್ ಟಚ್ ಬೇಸ್" ಅಂದರೆ ಸುಮ್ನೆ ಒಮ್ಮೆ ಮಾತಾಡಿಕೊಳ್ಳೋಣ ಅಂತ. ಬ್ಯಾಟ್ ಹಿಡಿದವನು ನಿಲ್ಲುವ ಜಾಗಕ್ಕೆ ಪ್ಲೇಟ್ ಅನ್ನುತ್ತಾರೆ. "ಸ್ಟೆಪ್ ಅಪ್ ಟು ದ ಪ್ಲೇಟ್" ಅಂದರೆ ಮುಂದೆ ಬಂದು ಹೊಣೆ ಹೊರುವುದು. ಊಟದ ತಟ್ಟೆಗೂ ಅದಕ್ಕೂ ಸಂಬಂಧವಿಲ್ಲ. "ಕರ್ವ್‌ಬಾಲ್" ಅಂದರೆ ನಡುವೆ ತಿರುವು ತೆಗೆದುಕೊಂಡು ಬರುವ ಚೆಂಡು. ನಿರೀಕ್ಷೆ ಮಾಡದ ಪ್ರಶ್ನೆ ಬಂದರೆ ಹೀಗನ್ನುತ್ತಾರೆ. ನಾವಾದರೆ "ಗೂಗ್ಲಿ ಹಾಕಿದ" ಅನ್ನುತ್ತೇವೆ.

"ಪಾಸ್ ದ ಬಕ್" ಓದಿದ ತಕ್ಷಣ ಡಾಲರ್ ನೆನಪಾಗುತ್ತದೆ, ಆಡುಮಾತಿನಲ್ಲಿ ಡಾಲರಿಗೂ ಬಕ್ ಅನ್ನುತ್ತಾರಲ್ಲ. ದುಡ್ಡು ಕೊಡಬೇಡಿ ಅಂತಿದ್ದಾರಾ? ಅಲ್ಲ. ಇದು ಪೋಕರ್ ಆಟದ್ದು. ಎಲೆ ಹಂಚುವ ಸರದಿ ಯಾರದು ಅಂತ ತೋರಿಸಲು ಅವರ ಮುಂದೆ ಒಂದು ಗುರುತಿನ ವಸ್ತು ಇಡುತ್ತಿದ್ದರು. ಅದರ ಹೆಸರು ಬಕ್. ಅದನ್ನು ಪಕ್ಕದವನ ಕಡೆ ತಳ್ಳಿದರೆ ಹೊಣೆಯನ್ನೂ ತಳ್ಳಿದ ಹಾಗೆ. 1945ರಿಂದ 1953ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ತಮ್ಮ ಮೇಜಿನ ಮೇಲೆ "ದ ಬಕ್ ಸ್ಟಾಪ್ಸ್ ಹಿಯರ್" ಅನ್ನುವ ಫಲಕ ಇಟ್ಟುಕೊಂಡಿದ್ದರು. ಇಲ್ಲಿಂದ ಮುಂದೆ ತಳ್ಳುವ ಹಾಗಿಲ್ಲ, ಹೊಣೆ ನನ್ನದೇ ಅಂತ.

ಇಂಗ್ಲಿಷರು ಹಾಯಿಹಡಗಿನ ಜನ, ಅದರ ವಾಸನೆ ಮಾತಿನಲ್ಲಿ ಇನ್ನೂ ಉಳಿದಿದೆ. "ಲರ್ನ್ ದ ರೋಪ್ಸ್" ಅಂದರೆ ಕೆಲಸದ ಒಳಹೊರಗು ಕಲಿಯುವುದು. ಹಡಗಿನಲ್ಲಿ ಯಾವ ಹಗ್ಗ ಯಾವ ಹಾಯಿಯದು ಅಂತ ಕಲಿಯುವುದೇ ಹೊಸಬನ ಮೊದಲ ಪಾಠ. ಮೇಲೆ ಹೇಳಿದ "ಬೈ ಅಂಡ್ ಲಾರ್ಜ್" ಕೂಡ ಅಲ್ಲಿಂದಲೇ. ಗಾಳಿಗೆ ಆದಷ್ಟು ಎದುರಾಗಿ ಸಾಗಿದರೆ ಬೈ, ಗಾಳಿ ಹಿಂದಿನಿಂದ ಬೀಸಿದರೆ ಲಾರ್ಜ್. ಎರಡಕ್ಕೂ ಒಗ್ಗುವ ಹಡಗು ಒಟ್ಟಾರೆ ಒಳ್ಳೆಯ ಹಡಗು. ಈಗ ಇದರ ಅರ್ಥ "ಒಟ್ಟಿನಲ್ಲಿ, ಬಹುಪಾಲು". "ತ್ರೀ ಶೀಟ್ಸ್ ಟು ದ ವಿಂಡ್" ಅಂದರೆ ಕಂಠಪೂರ್ತಿ ಕುಡಿದಿರುವವನು. ಶೀಟ್ ಅಂದರೆ ಬಟ್ಟೆಯಲ್ಲ, ಹಾಯಿ ಬಿಗಿಯುವ ಹಗ್ಗ. ಮೂರು ಹಗ್ಗ ಸಡಿಲವಾದ ಹಡಗು ಹೇಗೆ ತೂರಾಡುತ್ತದೋ ಹಾಗೆ ಇವನು.

ಮೇಲ್‌ನಲ್ಲಿ ಉಳಿದವು: ಪೊದೆ ಬೇಟೆಯಿಂದ ಬಂದದ್ದು. ಹಕ್ಕಿ ಎಬ್ಬಿಸಲು ಆಳುಗಳು ಪೊದೆಯ ಸುತ್ತ ಬಡಿಯುತ್ತಿದ್ದರು, ಹಿಡಿಯುವ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಸುತ್ತಿ ಬಳಸಿ ಮಾತಾಡಬೇಡಿ ಅಂತ ಅರ್ಥ. "ಕಟ್ ಕಾರ್ನರ್ಸ್" ಅಂದರೆ ರಸ್ತೆಯಲ್ಲಿ ಹೋಗದೆ ಮೂಲೆ ಹಾದು ಅಡ್ಡದಾರಿ ಹಿಡಿಯುವುದು, ಮಾಡಬೇಕಾದ್ದನ್ನು ಹಾರಿಸುವುದು. "ಪ್ಲೇ ಇಟ್ ಬೈ ಇಯರ್" ಸಂಗೀತದ್ದು. ಬರೆದ ಹಾಳೆ ನೋಡದೆ ಕಿವಿಯನ್ನೇ ನಂಬಿ ನುಡಿಸುವುದು. ಈಗಲೇ ಪ್ಲಾನ್ ಬೇಡ, ಬಂದ ಹಾಗೆ ನೋಡಿಕೊಳ್ಳೋಣ.

ಮೇಲ್ ಮುಗಿಯಿತು. "ಈ ಕ್ಲೈಂಟ್ ಎದುರು ನಾವು ಈಗ ರಕ್ಷಣೆಗೆ ಇಳಿದಿದ್ದೇವೆ. ಸುತ್ತಿ ಬಳಸುವುದು ಬೇಡ. ಟೆಸ್ಟಿಂಗ್ ಅರೆಬರೆ ಮಾಡಿದ್ದೇವೆ. ಒಬ್ಬರ ಮೇಲೊಬ್ಬರು ಹಾಕಬೇಡಿ. ನಾಲ್ಕು ಗಂಟೆಯೊಳಗೆ ಒಂದು ಅಂದಾಜು ಲೆಕ್ಕ ಕೊಡಿ. ಮಿಕ್ಕಿದ್ದು ಬಂದ ಹಾಗೆ ನೋಡೋಣ."

ಆಟ, ಹಡಗು ಬಿಟ್ಟರೆ ದೊಡ್ಡ ಬುತ್ತಿ ಪುಸ್ತಕಗಳದ್ದು. ನಮಗೆ ಕುಂಭಕರ್ಣ ನಿದ್ದೆ, ಭಗೀರಥ ಪ್ರಯತ್ನ ಹೇಗೋ ಅವರಿಗೆ ಬೈಬಲ್ ಹಾಗೆ. "ದ ರೈಟಿಂಗ್ ಆನ್ ದ ವಾಲ್" ಬೈಬಲಿನ ದಾನಿಯೇಲನ ಕತೆ. ಬಾಬಿಲೋನಿನ ಬೇಲ್ಶಚ್ಚರ ರಾಜ ಔತಣದಲ್ಲಿ ಮೈಮರೆತಿದ್ದಾಗ ಒಂದು ಕೈ ಕಾಣಿಸಿಕೊಂಡು ಗೋಡೆಯ ಮೇಲೆ ಬರೆಯಿತು. ಅದೇ ರಾತ್ರಿ ರಾಜ ಸತ್ತ. ಹಾಗಾಗಿ ಬರಲಿರುವ ಕೇಡಿನ ಸ್ಪಷ್ಟ ಸೂಚನೆಗೆ ಈ ಮಾತು. ಚುನಾವಣೆ ಕಾಲದ ನಮ್ಮ ಗೋಡೆ ಬರಹ ಬೇರೆ, ಕೆಲವೊಮ್ಮೆ ಎರಡೂ ಒಂದೇ ಆಗುವುದುಂಟು. "ಬೈ ದ ಸ್ಕಿನ್ ಆಫ್ ಒನ್ಸ್ ಟೀತ್" ಯೋಬನ ಪುಸ್ತಕದ್ದು. ಹಲ್ಲಿಗೆ ಚರ್ಮ ಎಲ್ಲಿದೆ? ಇದ್ದರೆ ಎಷ್ಟು ತೆಳು! ಕನ್ನಡದಲ್ಲಿ ಕೂದಲೆಳೆಯಲ್ಲಿ ಪಾರಾದ ಅನ್ನುತ್ತೇವಲ್ಲ, ಅದೇ. ಶೇಕ್ಸ್‌ಪಿಯರ್ ನಾಟಕಗಳಿಂದಲೂ ಬೇಕಾದಷ್ಟು ಬಂದಿವೆ. ಅಸೂಯೆಗೆ "ಗ್ರೀನ್ ಐಡ್ ಮಾನ್‌ಸ್ಟರ್" ಅನ್ನುವುದು ಒಥೆಲೊ ನಾಟಕದ್ದು.

ಒಂದು ಎಚ್ಚರಿಕೆ. ಹುಟ್ಟಿದ ಕತೆ ಅಂತ ವಾಟ್ಸಾಪಿನಲ್ಲಿ ಬರುವುದನ್ನೆಲ್ಲ ನಂಬಬೇಡಿ. ಹಿಂದೆ ಹುಲ್ಲಿನ ಮಾಡಿನಲ್ಲಿ ಮಲಗಿದ್ದ ನಾಯಿ ಬೆಕ್ಕುಗಳು ಮಳೆಗೆ ಜಾರಿ ಬೀಳುತ್ತಿದ್ದವು, ಅದಕ್ಕೇ ಜೋರು ಮಳೆಗೆ "ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್" ಅಂತಾರೆ ಅನ್ನುವ ಕತೆ 1999ರಲ್ಲಿ ಇ-ಮೇಲ್‌ನಲ್ಲಿ ಜಗತ್ತು ಸುತ್ತಿದ ಕಟ್ಟುಕತೆ. "ಸೇವ್ಡ್ ಬೈ ದ ಬೆಲ್" ಬಗ್ಗೆಯೂ ಹಾಗೇ. ಜೀವಂತ ಹೂತವರು ಒಳಗಿನಿಂದ ದಾರ ಎಳೆದು ಗಂಟೆ ಬಾರಿಸುತ್ತಿದ್ದರಂತೆ! ಅದು ಬಾಕ್ಸಿಂಗಿನದು. ಇನ್ನೇನು ಸೋತ ಅನ್ನುವಾಗ ಸುತ್ತು ಮುಗಿದ ಗಂಟೆ ಹೊಡೆಯಿತು, ಬದುಕಿಕೊಂಡ. ಕತೆ ಎಷ್ಟು ರಸವತ್ತಾಗಿದೆಯೋ ಅಷ್ಟು ಅನುಮಾನಪಡಿ.

ಹಂತ 4: ನಿಘಂಟಿನಲ್ಲಿ ಸರಿಯಾದ ಜಾಗದಲ್ಲಿ ಹುಡುಕಿ

ಊಹೆ ಆಯಿತು, ಈಗ ತಾಳೆ ನೋಡಬೇಕು. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು ಬಳಸಿ. ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್, ಕೇಂಬ್ರಿಜ್ ಎರಡೂ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಆಕ್ಸ್‌ಫರ್ಡ್‌ನಲ್ಲಿ ನುಡಿಗಟ್ಟುಗಳು ಪದದ ವಿವರಣೆಯ ಕೊನೆಗೆ ಬೇರೆಯಾಗಿ ಇರುತ್ತವೆ. ಸಾಮಾನ್ಯವಾಗಿ ಮೊದಲ ಮುಖ್ಯ ಪದದ ಕೆಳಗೆ ಹುಡುಕಬೇಕು. "ಕಿಕ್ ದ ಬಕೆಟ್" ಸಿಗುವುದು ಕಿಕ್ ಅಡಿಯಲ್ಲಿ. ಗೆಟ್, ಪುಟ್, ಗುಡ್‌ನಂಥ ಸವಕಲು ಪದದಿಂದ ಶುರುವಾದರೆ ಮುಂದಿನ ಮುಖ್ಯ ಪದಕ್ಕೆ ಹೋಗಿ.

ಅರ್ಥದ ಪಕ್ಕದ ಸಣ್ಣ ಅಕ್ಷರದ ಗುರುತು ಓದದೆ ಬಿಡಬೇಡಿ: ಇನ್‌ಫಾರ್ಮಲ್, ಓಲ್ಡ್ ಫ್ಯಾಷನ್ಡ್, ಹ್ಯೂಮರಸ್. ಮುಂದೆ ಅವು ಮಾನ ಉಳಿಸುತ್ತವೆ. ಬಾಯಲ್ಲಿ ಹೇಗೆ ಬರುತ್ತದೆ ಅಂತ ಕೇಳಬೇಕಿದ್ದರೆ ಯೂಗ್ಲಿಷ್ ಅನ್ನುವ ತಾಣಕ್ಕೆ ಹೋಗಿ. ನುಡಿಗಟ್ಟು ಹಾಕಿದರೆ ಯೂಟ್ಯೂಬಿನಲ್ಲಿ ಯಾರೋ ಅದನ್ನು ಆಡಿದ ಕ್ಷಣಕ್ಕೇ ಕರೆದೊಯ್ಯುತ್ತದೆ.

ಹಂತ 5: ಕನ್ನಡದ ಜೋಡಿ ಹುಡುಕಿ, ಆದರೆ ಮೋಸ ಹೋಗಬೇಡಿ

ಕೆಲವು ಚಿತ್ರ ಎರಡೂ ಕಡೆ ಒಂದೇ. ಮೊಸಳೆ ಕಣ್ಣೀರು, ಬಿಳಿಯಾನೆ ನಮ್ಮ ಪತ್ರಿಕೆಗಳಲ್ಲಿ ಆಗಲೇ ಮನೆ ಮಾಡಿಕೊಂಡಿವೆ. "ಬಟರ್ ಅಪ್" ಅಂದರೆ ಬೆಣ್ಣೆ ಹಚ್ಚುವುದೇ. ಕೆಲವಕ್ಕೆ ಚಿತ್ರ ಬೇರೆ, ಅರ್ಥ ಒಂದೇ. "ಬಿಟ್ವೀನ್ ದ ಡೆವಿಲ್ ಅಂಡ್ ದ ಡೀಪ್ ಸೀ" ಅಂದರೆ ಅತ್ತ ದರಿ ಇತ್ತ ಪುಲಿ. "ಮೇಕ್ ಎ ಮೌಂಟನ್ ಔಟ್ ಆಫ್ ಎ ಮೋಲ್‌ಹಿಲ್" ಅಂದರೆ ಕಡ್ಡೀನ ಗುಡ್ಡ ಮಾಡುವುದು. ಹೀಗೆ ಜೋಡಿ ಸಿಕ್ಕರೆ ಜೀವಮಾನಕ್ಕೂ ಮರೆಯುವುದಿಲ್ಲ.

ಹೆದರಬೇಕಾದ್ದು ಮೂರನೆಯ ಗುಂಪಿಗೆ. ನೋಡಲು ಕನ್ನಡದ ಹಾಗೇ ಇರುತ್ತವೆ, ಅರ್ಥ ತಲೆಕೆಳಗು. "ಹಿ ಹ್ಯಾಸ್ ಫೈರ್ ಇನ್ ಹಿಸ್ ಬೆಲಿ" ಅಂದರೆ ಹೊಟ್ಟೆಯಲ್ಲಿ ಬೆಂಕಿ. ಕನ್ನಡದವನ ಮನಸ್ಸು ನೇರ ಹೊಟ್ಟೆಕಿಚ್ಚಿಗೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಅದು ಹೊಗಳಿಕೆ: ಛಲ ಇದೆ, ಸಾಧಿಸುವ ಹಸಿವಿದೆ ಅಂತ. "ಗಿವ್ ಮಿ ಎ ಹ್ಯಾಂಡ್" ಅಂದರೆ ನೆರವಾಗು. ಕನ್ನಡದಲ್ಲಿ ಕೈ ಕೊಟ್ಟವನು ನಡುನೀರಿನಲ್ಲಿ ಬಿಟ್ಟವನು. "ಕೀಪ್ ಆ್ಯನ್ ಐ ಆನ್ ಮೈ ಬ್ಯಾಗ್" ಅಂದರೆ ಬ್ಯಾಗ್ ನೋಡಿಕೊಂಡಿರಿ. ಬ್ಯಾಗಿನ ಮೇಲೆ ಕಣ್ಣು ಹಾಕುವವನು ನಮ್ಮಲ್ಲಿ ಕಳ್ಳ. ನಾಟಕದವರು ರಂಗಕ್ಕೆ ಹೋಗುವ ಮುನ್ನ "ಬ್ರೇಕ್ ಎ ಲೆಗ್" ಅಂತ ಶುಭ ಹಾರೈಸುತ್ತಾರೆ. ನಮ್ಮ ಕಡೆ ಕಾಲು ಮುರೀತೀನಿ ಅಂದರೆ ಜಗಳ ಶುರು. "ಪುಲ್ಲಿಂಗ್ ಯುವರ್ ಲೆಗ್" ಅಂದರೆ ಬರೀ ತಮಾಷೆ, ಹಿಂದಿನಿಂದ ಕಾಲೆಳೆದು ಬೀಳಿಸುವ ರಾಜಕೀಯ ಅದರಲ್ಲಿಲ್ಲ.

ನಿಮ್ಮದೇ ಮಾತನ್ನು ಇಂಗ್ಲಿಷಿಗೆ ಹೊರಳಿಸುವಾಗಲೂ ಇದೇ ಜಾಗದಲ್ಲಿ ಜಾರುತ್ತೀರಿ. "ಡೋಂಟ್ ಈಟ್ ಮೈ ಹೆಡ್" ಅಂದರೆ ಜಯನಗರದಲ್ಲಿ ನಡೆಯುತ್ತದೆ, ಲಂಡನ್ನಿನಲ್ಲಿ ಎದುರಿನವರು ಗಾಬರಿಯಾಗುತ್ತಾರೆ.

ಹಂತ 6: ತೂಕ ಮತ್ತು ಊರು

ಅರ್ಥ ಒಂದೇ ಆದ ಮಾತ್ರಕ್ಕೆ ಎಲ್ಲಿ ಬೇಕಾದರೂ ಹಾಕಲಾಗದು. ನಮ್ಮಲ್ಲಿ ತೀರಿಕೊಂಡರು, ಶಿವನ ಪಾದ ಸೇರಿದರು, ಗೊಟಕ್ ಅಂದ, ಮೂರೂ ಸಾವೇ. ಸಂತಾಪದ ಪತ್ರದಲ್ಲಿ ಗೊಟಕ್ ಅಂತ ಬರೆಯುತ್ತೀರಾ? "ಕಿಕ್ ದ ಬಕೆಟ್" ಆ ಗೊಟಕ್‌ನ ಜಾತಿಯದು. ಸಹೋದ್ಯೋಗಿಯ ತಂದೆ ಹೋದರೆ "ಪಾಸ್ಡ್ ಅವೇ" ಅನ್ನಿ, ಸಾಕು.

ಊರೂ ಮುಖ್ಯ. ಮಾತನ್ನು ಪೂರ್ತಿ ನಂಬಬೇಡ ಅನ್ನಲು ಬ್ರಿಟಿಷರು ಒಂದು ಚಿಟಿಕೆ ಉಪ್ಪು ಹಾಕಿಕೊಂಡರೆ ಅಮೆರಿಕದವರು ಒಂದು ಹರಳು ಉಪ್ಪು ಹಾಕಿಕೊಳ್ಳುತ್ತಾರೆ: "ಪಿಂಚ್ ಆಫ್ ಸಾಲ್ಟ್", "ಗ್ರೇನ್ ಆಫ್ ಸಾಲ್ಟ್". ಇವು ನಿರುಪದ್ರವಿ. ಆದರೆ "ಲೆಟ್ಸ್ ಟೇಬಲ್ ದಿಸ್" ಅಂದರೆ ಬ್ರಿಟನ್ನಿನಲ್ಲಿ ಈಗಲೇ ಚರ್ಚೆಗೆ ತೆಗೆದುಕೊಳ್ಳೋಣ, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ! ಎರಡೂ ದೇಶದವರು ಇರುವ ಮೀಟಿಂಗಿನಲ್ಲಿ ಈ ಮಾತು ಬಂದರೆ ನಾಚಿಕೆ ಬಿಟ್ಟು ಕೇಳಿಬಿಡಿ.

ಇನ್ನು ನಮ್ಮದೇ ಇಂಗ್ಲಿಷ್. "ಐ ಪಾಸ್ಡ್ ಔಟ್ ಇನ್ 2015" ಅಂದರೆ ಇಲ್ಲಿ ಡಿಗ್ರಿ ಮುಗಿಸಿದೆ ಅಂತ. ಅಮೆರಿಕದ ಇಂಟರ್‌ವ್ಯೂನಲ್ಲಿ ಹೇಳಿದರೆ ಜ್ಞಾನ ತಪ್ಪಿ ಬಿದ್ದೆ ಅಂತ ಕೇಳಿಸುತ್ತದೆ. ಅಲ್ಲಿ "ಗ್ರಾಜುಯೇಟೆಡ್" ಅನ್ನಿ. ನಮ್ಮ ವ್ಯಾಕರಣ ಪುಸ್ತಕಗಳ ಕಣ್ಮಣಿ "ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್" ಕೂಡ ಇವತ್ತು ಇಂಗ್ಲಿಷರ ಬಾಯಲ್ಲಿ ಅಪರೂಪ. "ಪೋರಿಂಗ್" ಅಂದರೆ ಆಯಿತು.

ಹಂತ 7: ಪಟ್ಟಿ ಬೇಡ, ಪ್ರಸಂಗ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ಸಾಕು. ವಾರಕ್ಕೆ ಮೂರೋ ನಾಲ್ಕೋ ನುಡಿಗಟ್ಟು, ಅದಕ್ಕಿಂತ ಜಾಸ್ತಿ ಬೇಡ. ಅರ್ಥದ ಜೊತೆ ಯಾರು, ಯಾವಾಗ ಹೇಳಿದರು ಅನ್ನುವುದನ್ನೂ ಬರೆಯಿರಿ. ಒಂದೇ ನುಡಿಗಟ್ಟು ಮೂರು ಬೇರೆ ಬೇರೆ ಕಡೆ ಕಿವಿಗೆ ಬೀಳುವವರೆಗೆ ನೀವು ಬಳಸಬೇಡಿ. ಅರ್ಥವಾಗುವುದು ಒಂದು ಹಂತ, ಬಾಯಿಗೆ ಒಗ್ಗುವುದು ಇನ್ನೊಂದು. ತಪ್ಪು ಜಾಗದಲ್ಲಿ ಬಳಸುವುದಕ್ಕಿಂತ ಸರಳ ಇಂಗ್ಲಿಷ್ ಎಷ್ಟೋ ವಾಸಿ.

ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೀಗಿದೆ: "ಕಾಲ್ ಇಟ್ ಎ ಡೇ. ಕೆಲಸ ನಿಲ್ಲಿಸುವಾಗ. ಎರಡು ಗಂಟೆಯ ಮೀಟಿಂಗಿನ ಕೊನೆಗೆ ಮ್ಯಾನೇಜರ್ ಹೇಳಿದ್ದು. ಕನ್ನಡದಲ್ಲಿ: ಇವತ್ತಿಗೆ ಸಾಕು. ಡೈರಿ ತೆಗೆಯಬಾರದು."